ಕತ್ತರಿಯ ಕಿವಿಗೊಂದು ತಟ್ಟೆ

2026ರ ಮಾರ್ಚ್ 21, ಶನಿವಾರ, ಸಂಜೆ ಐದು ಗಂಟೆ ಹತ್ತು ನಿಮಿಷ. ಭಾವ ದೊಡ್ಡದೊಂದು ಹಳೆಯ ಡಿಶ್ಶನ್ನು ಬೆನ್ನಿಗೆ ಕಟ್ಟಿಕೊಂಡು, ಆಮೆಯ ಹಾಗೆ, ನಮ್ಮ ಮೂರನೇ ಮಹಡಿಗೆ ಹತ್ತಿ ಬಂದರು. ಮನೆಗಳ ಮೇಲೆ ಟಿ.ವಿ. ಡಿಶ್ ಕೂರಿಸುವುದು ಅವರ ಕೆಲಸ.

"ತಗೋ, ನೀನು ಕೇಳಿದ ತಟ್ಟೆ. ಗುಜರಿಗೆ ಹಾಕೋದ್ರಲ್ಲಿದ್ದೆ. ಏನ್ಮಾಡ್ತೀಯಾ ಇದನ್ನ, ಬಟ್ಟೆ ನೆನೆಸ್ತೀಯಾ?"

"ಅಪ್ಪನಿಗೆ ಕಿವಿ ಮಾಡ್ತೀನಿ, ಭಾವ."

"ಇಷ್ಟು ದೊಡ್ಡ ಕಿವಿನಾ? ಆನೇನೂ ನಾಚ್ಕೋಬೇಕು."

ಅಪ್ಪ ನಲವತ್ತು ವರ್ಷ ಕಟಿಂಗ್ ಶಾಪ್ ನಡೆಸಿದವರು. ಎದುರು ಮನೆಯ ಮೂರನೇ ಮಹಡಿಯಲ್ಲಿರುವ ವಾಚ್ ಮಾಮ ಗಡಿಯಾರ ರಿಪೇರಿ ಮಾಡುವವರು. ಅಪ್ಪ ಅವರನ್ನು 'ಮುಳ್ಳು' ಎನ್ನುತ್ತಾರೆ, ಅವರು ಅಪ್ಪನನ್ನು 'ಕತ್ತರಿ' ಎನ್ನುತ್ತಾರೆ. ನಡುವಿನ ಬೀದಿ ಏಳು ಮೀಟರ್ ಅಗಲ. ಎರಡೂ ಕಟ್ಟಡಗಳಿಗೆ ಲಿಫ್ಟ್ ಇಲ್ಲ. ಇಬ್ಬರ ಮೊಣಕಾಲುಗಳನ್ನೂ ಸೇರಿಸಿದರೂ ಒಬ್ಬ ಮನುಷ್ಯ ಮೆಟ್ಟಿಲಿಳಿಯಲು ಸಾಲದು. ಹಾಗಾಗಿ ಸಂಜೆಯ ಹರಟೆಯೆಲ್ಲ ಬಾಲ್ಕನಿಯಿಂದ ಬಾಲ್ಕನಿಗೆ. ಮಾಮ ಆಗಾಗ ಒಂದು ಕಿತ್ತಳೆ ಎಸೆಯುತ್ತಿದ್ದರು. ಅದು ಬೀದಿಯ ಮೇಲೆ ಮೆಲ್ಲಗೆ ಏರಿ, ಒಂದು ಗಳಿಗೆ ಯೋಚಿಸಿದ ಹಾಗೆ ಮಾಡಿ, ಅಪ್ಪನ ಬೊಗಸೆಗೆ ಇಳಿಯುತ್ತಿತ್ತು.

ಕಳೆದ ಎರಡು ತಿಂಗಳಿಂದ ಅಪ್ಪ ಬಾಲ್ಕನಿಗೆ ಹೋಗುವುದನ್ನೇ ಬಿಟ್ಟಿದ್ದರು. ಕಿವಿಗೆ ಹಾಕುವ ಯಂತ್ರ ಮೇಜಿನ ಖಾನೆಯಲ್ಲಿತ್ತು. "ಅದು ಬಸ್ಸು, ನಾಯಿ, ಮುಳ್ಳು ಎಲ್ಲರನ್ನೂ ಒಟ್ಟಿಗೇ ತುರುಕುತ್ತೆ ಕಣಮ್ಮಾ. ಅವನು ಏನೋ ಹೇಳ್ತಾನೆ, ನಾನು ಸುಮ್ನೆ ನಗ್ತೀನಿ. ಎಲ್ಲಿ ನಗಬೇಕು ಅನ್ನೋದೇ ಗೊತ್ತಾಗಲ್ಲ," ಎಂದಿದ್ದರು. ಎದುರಿನ ಬಾಲ್ಕನಿಯಲ್ಲಿ ಮಾಮ ಮಾತ್ರ ದಿನವೂ ಬಂದು ಕೂತು, ನಮ್ಮ ಮುಚ್ಚಿದ ಬಾಗಿಲು ನೋಡಿ ಒಳಗೆ ಹೋಗುತ್ತಿದ್ದರು. ಇನ್ನಷ್ಟು ದಿನ ಹೀಗೇ ಬಿಟ್ಟರೆ ಅವರೂ ಬರುವುದನ್ನು ನಿಲ್ಲಿಸುತ್ತಾರೆ ಎಂಬ ಭಯ ನನಗೆ.

ನಾನು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಕಿತ್ತಳೆ ಗಾಳಿಯಲ್ಲಿ ಎಳೆಯುವ ಗೆರೆಯೂ ಡಿಶ್ಶನ್ನು ನಡುವೆ ಸೀಳಿದರೆ ಕಾಣುವ ಗೆರೆಯೂ ಒಂದೇ ಜಾತಿ: ಪರವಲಯ. ಟಾರ್ಚಿನ ಬಟ್ಟಲಲ್ಲೂ ನಲ್ಲಿಗೆ ಸಿಕ್ಕಿಸಿದ ಪೈಪಿನ ನೀರಲ್ಲೂ ಇರುವುದು ಅದೇ. ನೇರ ಎದುರಿನಿಂದ ಬಂದ ಸದ್ದನ್ನೆಲ್ಲ ಈ ತಟ್ಟೆ ಒಂದೇ ಬಿಂದುವಿಗೆ ಕೂಡಿಸುತ್ತದೆ. ಪಕ್ಕದಿಂದ ಬಂದದ್ದನ್ನು ಅತ್ತಿತ್ತ ಚೆದುರಿಸುತ್ತದೆ. ಅಪ್ಪನಿಗೆ ಬೇಕಾದದ್ದೂ ಅಷ್ಟೇ, ಬಸ್ಸನ್ನು ಬಿಟ್ಟು ಮುಳ್ಳನ್ನು ಹಿಡಿಯುವ ಕಿವಿ.

ಅಳೆದೆ. ಅಗಲ 120 ಸೆಂಟಿಮೀಟರ್, ಆಳ 22.5. ಅಗಲದ ವರ್ಗವನ್ನು ಆಳದ ಹದಿನಾರರಷ್ಟರಿಂದ ಭಾಗಿಸಿದರೆ ಬಿಂದು ಸಿಗುತ್ತದೆ: ತಟ್ಟೆಯ ತಳದಿಂದ 40. ಭಾವ ಡಿಶ್ಶನ್ನು ಬಾಲ್ಕನಿಯ ಒಳಗೋಡೆಗೆ, ಮಾಮನ ಕಡೆ ಮುಖ ಮಾಡಿ ನಿಲ್ಲಿಸಿದರು. ಅದರ ಮುಂದೆ ಕುರ್ಚಿ ಇಟ್ಟು, ಬೀದಿಯ ಕಡೆ ತಿರುಗಿಸಿ ಅಪ್ಪನನ್ನು ಕೂರಿಸಿ, ಕಿವಿ ಸರಿಯಾಗಿ ಬಿಂದುವಿನಲ್ಲಿರುವಂತೆ ಹೊಂದಿಸಿದೆ.

ಪ್ರಯೋಗಾಲಯದವಳಿಗೆ ಒಂದು ಕೆಟ್ಟ ಅಭ್ಯಾಸ ಇರುತ್ತದೆ. ಯಾವ ಪರೀಕ್ಷೆಯನ್ನೂ ಮೊದಲು ಖಾಲಿಯಾಗಿ ನಡೆಸಿ ನೋಡಬೇಕು. ಮಾಮನಿಗೆ ಮೊದಲೇ ಫೋನ್ ಮಾಡಿದ್ದೆ: ನಾನು ಒಂದು ಕೈ ಎತ್ತಿದರೆ ಸುಮ್ಮನಿರಿ, ಎರಡು ಕೈ ಎತ್ತಿದರೆ ಮಾತಾಡಿ.

ಅಪ್ಪನಿಗೆ ಕಾಣದ ಹಾಗೆ ನಿಂತು ಒಂದು ಕೈ ಎತ್ತಿದೆ. ಅಷ್ಟು ದೂರದ ತುಟಿ ಅಪ್ಪನ ಕಣ್ಣಿಗೆ ಕಾಣುವುದಿಲ್ಲ.

"ಆಹಾ! ಗಂಟೆ ಹೊಡೆದ ಹಾಗೆ ಕೇಳ್ತು," ಎಂದರು ಅಪ್ಪ.

"ಅಪ್ಪಾ, ಮಾಮ ಇನ್ನೂ ಬಾಯೇ ತೆಗೆದಿಲ್ಲ."

ಅಪ್ಪನ ಮುಖ ಇಳಿದುಹೋಯಿತು. "ನೀನು ಇಷ್ಟು ಕಷ್ಟಪಟ್ಟಿದೀಯಲ್ಲಮ್ಮಾ..." ಎಂದು ಲುಂಗಿಯ ಅಂಚು ಸರಿಮಾಡಿಕೊಂಡರು. ಭಾವ ಯಾವುದೋ ಬೋಲ್ಟನ್ನು ಸುಮ್ಮಸುಮ್ಮನೆ ಬಿಗಿ ಮಾಡತೊಡಗಿದರು.

ಎರಡು ಕೈ ಎತ್ತಿದೆ. ಮಾಮ ಮಾತಾಡಿದರು. ಅಪ್ಪ ಮುಂದಕ್ಕೆ ಬಾಗಿದರು, ಇನ್ನಷ್ಟು ಬಾಗಿದರು, ಕೊನೆಗೆ ತಲೆಯಾಡಿಸಿದರು. "ಇಲ್ಲ ಕಣಮ್ಮಾ."

ಆಗ ನನಗೆ ತಪ್ಪು ಕಂಡಿತು. ಲೆಕ್ಕ ಸರಿಯಿತ್ತು, ಮನುಷ್ಯನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಿವಿ ಮಂದವಾದವರು ಮಾತಾಡುವವರ ಕಡೆಗೆ ಬಾಗುತ್ತಾರೆ. ಬಾಗಿದ ಅಪ್ಪನ ಕಿವಿ ಬಿಂದುವಿನಿಂದ ಒಂದು ಗೇಣು ಆಚೆ ಹೋಗಿತ್ತು.

"ಅಪ್ಪಾ, ತಿರುಗಿ ಕೂತ್ಕೊಳ್ಳಿ. ತಟ್ಟೆ ನೋಡ್ತಾ. ಸದ್ದು ನಿಮಗೆ ಬರೋದು ಅದರಿಂದ."

"ಅವನಿಗೆ ಬೆನ್ನು ಹಾಕಿ? ಮರ್ಯಾದೆ ಬೇಡ್ವಾ? ಅದೂ ಎರಡು ತಿಂಗಳಾದ ಮೇಲೆ!"

"ನಲವತ್ತು ವರ್ಷ ನಿಮ್ಮ ಗಿರಾಕಿಗಳೆಲ್ಲ ನಿಮಗೆ ಬೆನ್ನು ಹಾಕ್ಕೊಂಡೇ ಅಲ್ವಾ ಮಾತಾಡಿದ್ದು?"

ಅಪ್ಪ ಗೊಣಗುತ್ತ ತಿರುಗಿ ಕೂತರು. ಬೆನ್ನು ಕುರ್ಚಿಗೆ ಒರಗುವಂತೆ ಮಾಡಿ, ಕಿವಿಯನ್ನು ಮತ್ತೆ ಬಿಂದುವಿಗೆ ತಂದು, ಎರಡು ಕೈ ಎತ್ತಿದೆ.

ಮಾಮ ಕೂಗಲಿಲ್ಲ. ಪಕ್ಕದಲ್ಲಿದ್ದವರಿಗೆ ಹೇಳುವ ದನಿಯಲ್ಲಿ ಹೇಳಿದರು, "ಲೋ ಕತ್ತರಿ, ಊರಿಗೆಲ್ಲ ಕಟಿಂಗ್ ಮಾಡ್ದೋನು, ನಿನ್ನ ಕತ್ತಿನ ಮೇಲೆ ಪೊದೆ ಬೆಳ್ದಿದೆಯಲ್ಲೋ!"

ಅಪ್ಪನ ಬಲಗೈ ತಾನಾಗಿ ಎದ್ದು ಹಿಂಗತ್ತನ್ನು ಸವರಿತು.

ನನಗೆ ಬೇರೆ ಪುರಾವೆ ಬೇಕಿರಲಿಲ್ಲ.

"ನಿನ್ನ ಗಡಿಯಾರಗಳಿಗಿಂತ ನೆಟ್ಟಗಿದೆ ಹೋಗೋ!" ಅಪ್ಪ ತಟ್ಟೆಗೆ ಅಬ್ಬರಿಸಿದರು. ಅವರ ಮಾತು ಆಚೆ ಮುಟ್ಟುವುದಕ್ಕೆ ಯಾವ ತಟ್ಟೆಯೂ ಬೇಡ. ಕಿವಿ ಚಿಕ್ಕದಾದಷ್ಟೂ ಗಂಟಲು ದೊಡ್ಡದಾಗಿದೆ. "ಎರಡು ತಿಂಗಳಿಂದ ಏನೇನಾಯ್ತು, ಮೊದಲಿಂದ ಹೇಳು. ಒಂದೂ ಬಿಡ್ಬೇಡ."

ಮಾಮ ಶುರುಮಾಡಿದರು. ಅಪ್ಪ ನಗಬೇಕಾದ ಕಡೆಯೇ ನಕ್ಕರು.

"ಬೀದೀಲಿ ನೋಡಿದವರು ಇಬ್ರೂ ಮುನಿಸ್ಕೊಂಡಿದಾರೆ ಅಂದ್ಕೋತಾರೆ," ಎಂದರು ಭಾವ.

ಸ್ವಲ್ಪ ಹೊತ್ತಿಗೆ ಅಪ್ಪ ಎದ್ದು ಒಳಗೆ ಹೋಗಿ, ಗಿರಾಕಿಗಳಿಗೆ ಅವರ ಹಿಂದಲೆ ತೋರಿಸಲು ಬಳಸುತ್ತಿದ್ದ ಕೈಗನ್ನಡಿ ತಂದರು. ಭಾವ ಅದನ್ನು ತಟ್ಟೆಯ ಅಂಚಿಗೆ ತಂತಿಯಿಂದ ಬಿಗಿದರು. ಅಪ್ಪ ಅದನ್ನು ಅಷ್ಟು ಓರೆ, ಇಷ್ಟು ಓರೆ ಮಾಡಿ ನಿಲ್ಲಿಸಿದರು. ಕನ್ನಡಿಯೊಳಗೆ ಬೀದಿ, ಬೀದಿಯಾಚೆ ಮಾಮ.

"ಈಗ ಸರಿಯಾಯ್ತು. ಮುಖ ನೋಡ್ದೆ ಮಾತಾಡಿ ಅಭ್ಯಾಸ ಇಲ್ಲ ನಂಗೆ."

"ಕತ್ತರಿ, ಹಿಡಿ!"

ಅಪ್ಪ ತಟ್ಟನೆ ತಿರುಗಿ ಬೊಗಸೆಯೊಡ್ಡಿದರು. ಕಿತ್ತಳೆ ಬೀದಿಯ ಮೇಲೆ ಏರಿ, ಇಳಿದು, ಬಂದು ಕೂತಿತು. ಮೊದಲ ಸಿಪ್ಪೆ ಸುಲಿಯುತ್ತಲೇ ಅವರು ಮತ್ತೆ ತಟ್ಟೆಗೆ ಮುಖ ಮಾಡಿ ತಮ್ಮ ಪಾಡಿಗೆ ಕೂತರು. ನಾಳೆಗೆ ಕುರ್ಚಿ ಅಲ್ಲೇ ಇರಲೆಂದು ಅದರ ನಾಲ್ಕು ಕಾಲುಗಳ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಆಮೇಲೆ, ಮಾತಿಗೆ ಅಡ್ಡಬರದ ಹಾಗೆ, ಟೇಪು ಹಿಡಿದು ನೋಡಿದೆ. ತಟ್ಟೆಯ ತಳದಿಂದ ಅಪ್ಪನ ಕಿವಿಗೆ 41 ಸೆಂಟಿಮೀಟರ್, ಲೆಕ್ಕಕ್ಕಿಂತ ಒಂದೇ ಒಂದು ಹೆಚ್ಚು.