ಒಂದನೇ ತರಗತಿಯ ಗಾಳಿ

ಧೂಳು ಎದ್ದದ್ದು ಇಳಿಯುತ್ತಲೇ ಇಲ್ಲ, ಸೂರಿನ ಕೆಳಗಿನ ಗಾಜಿನಿಂದ ಬಿದ್ದ ಬಿಸಿಲಿನ ಕೋಲಿನೊಳಗೆ ಹಾಗೇ ನಿಂತುಕೊಂಡಿದೆ, ಮಹಡಿಯ ಮೇಲಿನ ಐದನೇ ತರಗತಿಯಾಗಿದ್ದರೆ ಇಷ್ಟು ಹೊತ್ತಿಗೆ ತಾನಾಗಿಯೇ ಕಿಟಕಿ ದಾಟಿ ಹೋಗಿರುತ್ತಿತ್ತು, ಈ ಒಂದನೇ ತರಗತಿಯ ಧೂಳು ಮಾತ್ರ ಕಾಲು ಚಾಚಿ ಕೂತ ನೆಂಟನ ಹಾಗೆ, ಹೊರಡುವ ಮಾತೇ ಎತ್ತುವುದಿಲ್ಲ — ಒಂದು ಸಲ ಗುಡಿಸಿ, ಅರ್ಧ ಗಂಟೆ ಕಾದು, ಅದು ಮತ್ತೆ ಬೆಂಚಿನ ಮೇಲೆ ಬಂದು ಕೂತ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಮೂವತ್ತೆರಡು ವರ್ಷದಿಂದ ಹೀಗೆಯೇ, ಈ ಶಾಲೆಯ ಹನ್ನೊಂದು ಕೋಣೆಗಳ ಗುಣವೂ ಗಂಟೆ ಅಜ್ಜಿಯ ಪೊರಕೆಗೆ ಗೊತ್ತು, ಯಾವುದು ಉಸಿರಾಡುತ್ತದೆ, ಯಾವುದು ಉಸಿರು ಬಿಗಿಹಿಡಿದು ಕೂರುತ್ತದೆ. ಗಂಟೆ ಅಜ್ಜಿ ಎಂಬುದು ಮಕ್ಕಳು ಇಟ್ಟ ಹೆಸರು, ಗುಡಿಸುವುದನ್ನು ಯಾವ ಮಗು ನೋಡಿದೆ, ಗಂಟೆ ಹೊಡೆಯುವುದು ಮಾತ್ರ ಎಲ್ಲರ ಕಿವಿಗೂ ಬೀಳುತ್ತದೆ, ಆದರೆ ಆ ಗಂಟೆ ಬಾಯಿ ಮುಚ್ಚಿ ಹದಿನಾಲ್ಕು ತಿಂಗಳಾಯಿತು, ರೋಗ ಬಂತು, ಶಾಲೆ ಮುಚ್ಚಿದರು, ಹದಿನೈದು ದಿನ ಅಂದರು, ಆಮೇಲೆ ಒಂದು ತಿಂಗಳು ಅಂದರು, ಆಮೇಲೆ ಏನಾದರೂ ಅನ್ನುವುದನ್ನೇ ಬಿಟ್ಟರು, ಇವಳು ಮಾತ್ರ ದಿನ ತಪ್ಪದೆ ಬಂದು ಗುಡಿಸಿದಳು, ಯಾರೂ ತುಳಿಯದ ನೆಲದಲ್ಲಿಯೂ ಧೂಳು ಹುಟ್ಟುತ್ತದಲ್ಲ, ಎಲ್ಲಿಂದ ಬರುತ್ತದೋ. ಇವತ್ತು ಆರೋಗ್ಯ ಕಚೇರಿಯಿಂದ ಡಾಕ್ಟರು ಬರುತ್ತಾರೆ, ಸೋಮವಾರ ಶಾಲೆ ತೆಗೆಯಬೇಕೋ ಬೇಡವೋ ಎಂದು ಇದೇ ಕೋಣೆಯಲ್ಲಿ ಕೂತು ಹೇಳುತ್ತಾರೆ, ಎಂಟು ಕುರ್ಚಿ ಹಾಕಿ ಅಜ್ಜಿ, ಒಂದಕ್ಕೊಂದು ತಾಗೋ ಹಾಗೆ ಬೇಡ ಎಂದಿದ್ದರು ದೊಡ್ಡ ಟೀಚರು, ಅವರ ದನಿಯಲ್ಲಿ ಪರೀಕ್ಷೆಗೆ ಹೊರಟ ಹುಡುಗಿಯ ನಡುಕವಿತ್ತು — ಮೊದಲ ಬೆಂಚಿನಲ್ಲಿ ಬಟಾಣಿ ಕೂತಿದ್ದಾಳೆ, ಮೊಮ್ಮಗಳು, ಹುಟ್ಟಿದಾಗ ಅಷ್ಟು ಗುಂಡಗಿದ್ದಳು, ಈಗ ಉದ್ದವಾಗಿದ್ದಾಳೆ, ಹೆಸರು ಮಾತ್ರ ಗುಂಡಗೇ ಉಳಿದಿದೆ, ಬೆಂಚಿನ ಧೂಳಿನಲ್ಲಿ ಬೆರಳಿನಿಂದ ಅ ಬರೆದಳು, ಆ ಬರೆದಳು, ಇ ಅರ್ಧಕ್ಕೆ ನಿಂತಿತು.

ಅಲ್ಲಿಗೇ ನಿಲ್ಲುತ್ತದೆ ಯಾವಾಗಲೂ, ಒಂದನೇ ತರಗತಿಗೆ ಸೇರಿ ಮೂರು ವಾರಕ್ಕೆ ಶಾಲೆ ಮುಚ್ಚಿದ್ದು, ಮುಂದಿನದನ್ನು ಹೇಳಿಕೊಡೋಣವೆಂದರೆ ಅಜ್ಜಿಯ ಓದೇ ಮೂರನೆಯದರಲ್ಲಿ ಮುರಿದದ್ದು, ಅಂಕಿ ಬರುತ್ತದೆ, ಗಡಿಯಾರ ನೋಡಿ ಗಂಟೆ ಹೊಡೆಯಬೇಕಲ್ಲ, ಅಕ್ಷರ ಮಾತ್ರ ಕತ್ತಲಲ್ಲಿ ಮೆಟ್ಟಿಲಿಳಿದ ಹಾಗೆ, ಇದೆಯೋ ಇಲ್ಲವೋ ಎಂದು ಕಾಲಾಡಿಸಿ ನೋಡಬೇಕು. ಬೇರೆ ಮಕ್ಕಳು ಫೋನಿನಲ್ಲಿ ಪಾಠ ಕೇಳಿದರಂತೆ, ಈ ಮನೆಯ ಫೋನಿಗೆ ಪಾಠ ತೋರಿಸಲು ಬಾರದು, ಮಾತು ಕೇಳಿಸಿದರೆ ಹೆಚ್ಚು. ಮೊದಮೊದಲು ಬಟಾಣಿ ದಿನಕ್ಕೆ ನೂರು ಸಲ ಕೇಳುತ್ತಿದ್ದಳು, ಅಜ್ಜೀ ನಾಳೆ ಶಾಲೆನಾ, ಅಜ್ಜೀ ನಾಡಿದ್ದಾ, ಆಮೇಲೆ ಐವತ್ತು ಸಲ, ಆಮೇಲೆ ಕೇಳುವುದನ್ನು ನಿಲ್ಲಿಸಿದಳು, ಆಮೇಲೆ ಮಾತಾಡುವುದೇ ಕಡಿಮೆಯಾಯಿತು, ಜ್ವರ ಬಂದಿದ್ದರೆ ಹಣೆ ಮುಟ್ಟಿ ನೋಡಬಹುದಿತ್ತು, ಸುಮ್ಮನಾಗಿರುವುದನ್ನು ಎಲ್ಲಿ ಮುಟ್ಟಿ ನೋಡುವುದು. ಮಗಳಿಗೆ ಹೇಳಿದರೆ — ಮಗಳು ಆಸ್ಪತ್ರೆಯಲ್ಲಿ ನರ್ಸು, ಈ ರೋಗದ ವಾರ್ಡಿನಲ್ಲೇ ಇದ್ದಾಳೆ, ಹದಿನೈದು ದಿನಕ್ಕೊಮ್ಮೆ ಬಂದು ಗೇಟಿನಾಚೆ ನಿಲ್ಲುತ್ತಾಳೆ, ಮಗು ಗೇಟಿನೀಚೆ ನಿಲ್ಲುತ್ತದೆ, ಇಬ್ಬರೂ ಕೈ ಬೀಸುತ್ತಾರೆ, ಅಷ್ಟೇ — ನಿನ್ನೆ ಫೋನು ಮಾಡಿದ್ದಳು, ದಣಿದ ದನಿ, ಅಮ್ಮಾ, ಶಾಲೆ ತೆಗೀತಾರಂತಲ್ಲ, ಬಟಾಣಿನ ಕಳಿಸಬೇಡ, ನನ್ನಾಣೆ. ಯಾಕೇ, ಬೇರೆ ಮಕ್ಕಳು ಬರಲ್ವಾ. ಬೇರೆ ಮಕ್ಕಳ ಅಮ್ಮಂದಿರು ನಾನು ನೋಡಿದ್ದು ನೋಡಿಲ್ಲ ಬಿಡು, ಮಗುಗೆ ಏನೂ ಆಗದೆ ಇರಬಹುದು, ತಂದು ನಿನಗೆ ಕೊಟ್ರೆ, ನಿನ್ನ ಎದೆ ಮೊದಲೇ ಸೀಟಿ ಹೊಡಿಯುತ್ತೆ, ಅದೂ ಆ ರೂಮು ಅಮ್ಮಾ, ಆ ರೂಮಲ್ಲಿ ಕೂತು ನಾನು ಓದಿಲ್ವಾ, ಮಧ್ಯಾಹ್ನ ಆದ್ರೆ ತಲೆ ಭಾರ, ಉಸಿರು ಕಟ್ಟೋದು, ನಲವತ್ತು ಮಕ್ಕಳು ಬಿಟ್ಟ ಉಸಿರನ್ನೇ ಮತ್ತೆ ಮತ್ತೆ ಎಳ್ಕೊಳ್ಳೋದು, ಬೇಡ. ಆಯ್ತು ಎಂದಳು ಅಜ್ಜಿ. ಆಯ್ತು ಎಂದದ್ದು ಒಪ್ಪಿಗೆಯಲ್ಲ, ದಣಿದ ಮಗಳು ಮಲಗಲಿ ಎಂದು ಹೊದಿಸಿದ ಚಾದರ, ಆದರೂ ಆಯ್ತು ಅಂದದ್ದು ಆಯ್ತು.

ಬಂದರು, ಎಂಟು ಜನ, ಎಂಟು ಮಾಸ್ಕು, ಬಾಗಿಲ ಬಳಿ ಟೀ ತಟ್ಟೆ ಹಿಡಿದು ನಿಂತರೆ ಕಣ್ಣುಗಳಷ್ಟೇ ಕಾಣುತ್ತವೆ, ಬರೀ ಕಣ್ಣಿನಲ್ಲಿ ಯಾರು ನಗುತ್ತಿದ್ದಾರೆ ಯಾರು ಗುರಾಯಿಸುತ್ತಿದ್ದಾರೆ ಎಂದು ಇಷ್ಟು ದಿನಕ್ಕೆ ರೂಢಿಯಾಗಿದೆ. ಡಾಕ್ಟರು ಎಂದರೆ ನರೆಗೂದಲು ನಿರೀಕ್ಷಿಸಿದ್ದಳು, ಬಂದದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಕೈಯಲ್ಲಿ ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡ ಬಿಳಿ ಡಬ್ಬಿ, ಮೇಜಿನ ಮೇಲಿಟ್ಟು ಬಾಗಿಲು ಅರ್ಧ ಮುಚ್ಚಿ ಎಂದರು, ಇದು ನಾವು ಬಿಟ್ಟ ಉಸಿರು ರೂಮಲ್ಲಿ ಎಷ್ಟು ನಿಂತಿದೆ ಅಂತ ಹೇಳುತ್ತೆ, ಎಂಟುನೂರು ದಾಟಬಾರ್ದು. ಡಬ್ಬಿಯಲ್ಲಿ ಅಂಕಿ, ನಾಲ್ಕುನೂರ ಎಂಬತ್ತು, ಅಂಕಿಯಾದರೆ ಅಜ್ಜಿಗೂ ಓದಲು ಬರುತ್ತದೆ. ದೊಡ್ಡ ಟೀಚರು ನೆಲ ತೋರಿಸಿದರು, ಟೇಪು ಹಿಡಿದು ಆರಾರು ಅಡಿಗೆ ಸೀಮೆಸುಣ್ಣದಲ್ಲಿ ಚೌಕ ಬರೆಸಿದೀವಿ, ಒಂದು ಚೌಕಕ್ಕೆ ಒಂದು ಮಗು. ನಕ್ಕವನು ಬಸ್ಸಿನ ಡ್ರೈವರು, ಎರಡನೇ ತರಗತಿಯ ಅವಳಿಗಳ ಅಪ್ಪ, ಚೌಕದೊಳಗೆ ಮಕ್ಕಳು ನಿಲ್ತಾರಾ ಟೀಚರ್, ನನ್ನ ಬಸ್ಸಲ್ಲಿ ದೊಡ್ಡೋರೇ ಹಳದಿ ಗೆರೆ ಹಿಂದೆ ನಿಲ್ಲಲ್ಲ, ಎಂದು ನಗುತ್ತಲೇ ಇದ್ದವನ ಕಣ್ಣು ಇದ್ದಕ್ಕಿದ್ದಂತೆ ಕೆಂಪಾಯಿತು, ನಾನು ಸುತ್ತಿ ಬಳಸಿ ಹೇಳಲ್ಲ, ನಮ್ಮಪ್ಪನ್ನ ಕಳ್ಕೊಂಡು ಮೂರು ತಿಂಗಳಾಯ್ತು, ಮುಖ ಸಹ ತೋರಿಸ್ಲಿಲ್ಲ, ಪಾಠ ಒಂದು ವರ್ಷ ಬಿಟ್ಟು ಕಲೀಬಹುದು, ನಮ್ಮಪ್ಪನ್ನ ಯಾವ ವರ್ಷ ವಾಪಸ್ಸು ಕೊಡ್ತೀರಿ. ಅಜ್ಜಿ ಟೀ ತಟ್ಟೆಯನ್ನು ಬೆಂಚಿನ ಮೇಲಿಟ್ಟಳು, ಅವನು ಹೇಳಿದ್ದು ಸುಳ್ಳಲ್ಲ, ಹಾಗಾದರೆ ತಾನು ಇಲ್ಲಿ ಯಾರ ಪರ ನಿಂತಿದ್ದೇನೆ, ಸೀಟಿ ಹೊಡೆಯುವ ಈ ಎದೆಯ ಪರವೋ ಅರ್ಧಕ್ಕೆ ನಿಂತ ಇ-ಯ ಪರವೋ. ಅಣ್ಣಾ, ನಿಮ್ಮ ದುಃಖಕ್ಕೆ ನಾನೇನು ಹೇಳಲಿ ಎಂದಳು ಬಟ್ಟೆ ಹೊಲಿಯುವ ಟೈಲರಮ್ಮ, ಮೆಲ್ಲಗೆ, ಆದ್ರೆ ನನ್ನ ಮಗಳನ್ನೂ ನೋಡಿ, ಈ ಹದಿನಾಲ್ಕು ತಿಂಗಳಲ್ಲಿ ಗುಂಡಿ ಹೊಲಿಯೋದು ಕಲ್ತಿದಾಳೆ, ತನ್ನ ಹೆಸರು ಬರೆಯೋದು ಮರ್ತಿದಾಳೆ, ಚೆನ್ನಾಗೇ ಹೊಲೀತಾಳೆ, ಅದೇ ನನಗೆ ಭಯ. ಡಬ್ಬಿಯಲ್ಲಿ ಒಂಬೈನೂರು. ಮಾತಿಗೆ ಮಾತು ಬೆಳೆಯಿತು, ಸಾವಿರದ ಇನ್ನೂರು. ಡಾಕ್ಟರಮ್ಮ ಏನನ್ನೂ ವಾದಿಸದೆ ಡಬ್ಬಿಯನ್ನೇ ನೋಡುತ್ತಿದ್ದರು, ಸಾವಿರದ ಆರುನೂರ ಹತ್ತಾದಾಗ ಅದನ್ನು ಎಲ್ಲರ ಕಡೆ ತಿರುಗಿಸಿದರು, ನೋಡಿ, ಎಂಟೇ ಜನ, ಇಪ್ಪತ್ತೇ ನಿಮಿಷ, ಮೇಲಿನ ರೂಮುಗಳು ಚೆನ್ನಾಗಿವೆ, ದೊಡ್ಡ ಮಕ್ಕಳು ಬರಲಿ, ಕೆಳಗಿನ ಈ ಮೂರು ರೂಮಿಗೆ ನಾನು ಸಹಿ ಹಾಕಲ್ಲ, ಕಿಟಕಿನೇ ಇಲ್ಲ, ಒಂದು ಎರಡು ಮೂರನೇ ತರಗತಿ ಈ ವರ್ಷನೂ ಮನೇಲೇ ಇರಬೇಕಾಗುತ್ತೆ. ದೊಡ್ಡ ಟೀಚರು ತಲೆ ತಗ್ಗಿಸಿದರು. ಬೆಂಚಿನ ತುದಿಯಲ್ಲಿ ಬಟಾಣಿ ಈ ವರ್ಷನೂ ಎಂಬುದನ್ನು ಕೇಳಿಸಿಕೊಂಡಳು, ಅಂಗೈಯಿಂದ ಅ, ಆ ಎರಡನ್ನೂ ಅಳಿಸಿದಳು.

ಕಿಟಕಿನೇ ಇಲ್ಲ — ಇಲ್ಲವೆಂದರೆ ಹೇಗೆ, ಆ ಗೋಡೆಗೆ ನೇತುಹಾಕಿರುವ ಪ್ರಾಣಿಗಳ ಪಟದ ಹಿಂದೆ, ಅಂಕಿಗಳ ಪಟದ ಹಿಂದೆ, ಏಣಿಯ ಕಾಲು ಹಿಡಿದುಕೊಂಡು ನಿಂತವಳು ತಾನೇ ಅಲ್ಲವೇ, ಮೇಲೆ ನಿಂತವರು ಅವರು, ಬಡಗಿ ಕೆಲಸದ ಗಂಡ, ತುಟಿಯ ನಡುವೆ ನಾಲ್ಕು ಮೊಳೆ, ಆಗಿನ ಹೆಡ್‌ಮಾಸ್ಟರಿಗೆ ಮಕ್ಕಳು ಸದ್ದು ಮೇಷ್ಟ್ರು ಎನ್ನುತ್ತಿದ್ದರು, ಸದ್ದು ಸದ್ದು ಎಂದು ಮೇಜು ಕುಟ್ಟಿ ಅವರೇ ಎಲ್ಲರಿಗಿಂತ ಹೆಚ್ಚು ಸದ್ದು ಮಾಡುತ್ತಿದ್ದರು, ಮಕ್ಕಳು ಬೀದಿ ನೋಡ್ತಾ ಕೂರ್ತವೆ, ಬೋರ್ಡು ನೋಡಲ್ಲ, ಈ ಸಾಲಿನ ಕಿಟಕಿಗಳನ್ನೆಲ್ಲ ಮುಚ್ಚಿ ಮೊಳೆ ಹೊಡೀರಿ ಎಂದರು, ಬೀದಿ ನೋಡುತ್ತ ಕೂರುವುದರಲ್ಲಿ ಮೊದಲನೆಯವಳು ತಮ್ಮದೇ ಮಗಳು, ಈಗಿನ ನರ್ಸು, ಆಗ ಆರು ವರ್ಷದವಳು. ಯಜಮಾನರು ಮನಸ್ಸಿಲ್ಲದೆ ಮೊಳೆ ಹೊಡೆದರು, ಬಾಗಿಲು ಕಿಟಕಿ ತೆರೆಯೋ ಹಾಗೆ ಮಾಡೋದು ಬಡಗಿ ಕೆಲಸ ಕಣೇ, ಮುಚ್ಚೋಕೆ ನಾನ್ಯಾಕೆ ಬೇಕಿತ್ತು ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಗೊಣಗಿದರು, ಕಿಟಕಿಗೆ ನಾಲ್ಕೇ ಮೊಳೆ ಹೊಡೆದಿದೀನಿ, ಮರ ಸೀಳದ ಹಾಗೆ, ಮುಂದೆ ಯಾವನಾದರೂ ಬುದ್ಧಿವಂತ ಬಂದ್ರೆ ತೆಗೀಲಿ. ಮೇಷ್ಟ್ರು ವರ್ಗವಾಗಿ ಹೋದರು, ಯಜಮಾನರೂ ತೀರಿಕೊಂಡರು, ವರ್ಷಕ್ಕೊಂದು ಸಲ ಗೋಡೆಗೆ ಬಳಿದ ಬಣ್ಣವನ್ನೇ ಕಿಟಕಿಗೂ ಬಳಿದು ಬಳಿದು ಎರಡೂ ಒಂದಾದವು, ಹೊರಗೆ ಬಳ್ಳಿ ಹಬ್ಬಿ ಮುಚ್ಚಿತು, ಹೊಸದಾಗಿ ಬಂದ ಟೀಚರುಗಳಿಗೆ ಅದು ಹಲಗೆ ಹೊಡೆದ ಗೋಡೆ, ಪಟ ತೂಗುಹಾಕಲು ಅನುಕೂಲ. ಇವಳ ಅಂಗೈಗೆ ಮಾತ್ರ ಗೊತ್ತು, ಒರೆಸುವಾಗ ಬಣ್ಣದ ಕೆಳಗೆ ನಾಲ್ಕು ಗಂಟು ತಾಗುತ್ತವೆ, ಪ್ರತಿ ಕಿಟಕಿಗೂ ನಾಲ್ಕು, ಅಷ್ಟು ವರ್ಷ ತಾಗುತ್ತಲೇ ಇದ್ದವು, ಯಾರಿಗೂ ಹೇಳಲಿಲ್ಲ, ಯಾರೂ ಕೇಳಲಿಲ್ಲ, ಸಭೆಯಲ್ಲಿ ಟೀ ಕೊಡುವವಳು ಬಾಯಿ ಹಾಕುವುದುಂಟೇ — ಈಗ ಹೇಳಿದರೆ ಮಗಳಿಗೆ ಕೊಟ್ಟ ಮಾತು, ಹೇಳದಿದ್ದರೆ ಅಳಿಸಿಹೋದ ಅಕ್ಷರ, ಆ ರೂಮು ಬೇಡ ಎಂದಳಲ್ಲ ಮಗಳು, ಶಾಲೆ ಬೇಡ ಎಂದಳೋ ಆ ರೂಮು ಬೇಡ ಎಂದಳೋ, ಉಸಿರು ಕಟ್ಟುತ್ತಿದ್ದದ್ದು ಶಾಲೆಯಿಂದಲ್ಲ ಕಣೇ, ನಿಮ್ಮಪ್ಪ ಹೊಡೆದ ಮೊಳೆಯಿಂದ, ನಾನು ಹಿಡಿದ ಏಣಿಯಿಂದ. ಅದು ಕಿಟಕಿ. ಯಾರೋ ಅಂದರು. ತಾನೇ ಅಂದದ್ದು. ಎಂಟು ಜೋಡಿ ಕಣ್ಣು ತಿರುಗಿದವು, ಏನಜ್ಜಿ ಎಂದರು ದೊಡ್ಡ ಟೀಚರು. ಅದು ಕಿಟಕಿ ಟೀಚರ್, ಆ ಹುಲಿ ಪಟದ ಹಿಂದೆ, ನಮ್ಮ ಯಜಮಾನರೇ ಮೊಳೆ ಹೊಡೆದದ್ದು, ಬನ್ನಿ ತೋರಿಸ್ತೀನಿ.

ಹುಲಿಯನ್ನು ಇಳಿಸಿದರು, ಅಜ್ಜಿ ಅಂಗೈಯಾಡಿಸಿ ಇಲ್ಲಿ, ಇಲ್ಲಿ, ಇಲ್ಲೊಂದು, ಕೆಳಗೊಂದು ಎಂದು ತೋರಿಸಿದಳು, ಟೈಲರಮ್ಮ ಕತ್ತರಿಯ ತುದಿಯಿಂದ ಬಣ್ಣ ಕೆರೆದರೆ ಒಳಗಿನಿಂದ ತುಕ್ಕು ಹಿಡಿದ ಮೊಳೆಯ ತಲೆ ಕಂಡಿತು, ಡ್ರೈವರು ಏನೂ ಹೇಳದೆ ಎದ್ದು ಹೋದ, ಸಿಟ್ಟು ಬಂದು ಹೊರಟೇಬಿಟ್ಟ ಎಂದುಕೊಂಡರು, ಬಸ್ಸಿನಿಂದ ಕಬ್ಬಿಣದ ಸಲಾಕೆ ಹಿಡಿದು ಬಂದ, ನಾನು ಒಪ್ಪಿದೀನಿ ಅಂತ ಯಾರೂ ತಿಳ್ಕೋಬೇಡಿ, ಈ ರೂಮಲ್ಲಿ ನನಗೇ ಉಸಿರು ಕಟ್ತಿದೆ ಅದಕ್ಕೆ, ಎಂದು ಮೊದಲ ಮೊಳೆಗೆ ಸಲಾಕೆ ಕೊಟ್ಟ, ಕಿರ್ರೆಂದಿತು, ಮೂವತ್ತು ವರ್ಷದ ಮೇಲೆ ಬಾಯಿ ಬಿಟ್ಟರೆ ಯಾರಾದರೂ ಹಾಗೇ ಕಿರ್ರೆನ್ನುತ್ತಾರೆ, ಎರಡು, ಮೂರು, ನಾಲ್ಕು, ಮರ ಸೀಳಲಿಲ್ಲ ನೋಡಿ, ಯಜಮಾನರು ಹೇಳಿದ್ದರಲ್ಲ. ಆದರೂ ಕದ ಅಲ್ಲಾಡದು. ಎಳೀಬೇಡಿ ತಡೀರಿ, ಹೊರಗೆ ಬಳ್ಳಿ ಹಿಡ್ಕೊಂಡಿದೆ ಎಂದು ಅಜ್ಜಿ ಕುಡುಗೋಲು ತೆಗೆದುಕೊಂಡು ಶಾಲೆಯ ಹಿಂದಕ್ಕೆ ಬಂದಳು, ಬೆನ್ನಿಗೆ ಬಿಸಿಲು, ಬಳ್ಳಿಯ ಕಾಂಡ ಹಗ್ಗದಷ್ಟು ದಪ್ಪ, ಕೊಯ್ದಷ್ಟೂ ಬರುತ್ತದೆ, ಎದೆ ಸೀಟಿ ಹೊಡೆಯಿತು, ಹೊಡೆದುಕೊಳ್ಳಲಿ, ಇನ್ನೊಂದು ಎಳೆ, ಇನ್ನೊಂದು, ಈಗ ಎಳೀರಿ ಎಂದು ಕೂಗಿದಳು, ಒಳಗಿನಿಂದ ಡ್ರೈವರು ಸಲಾಕೆಯಲ್ಲಿ ಮೀಟಿದ ಸದ್ದು, ಒಂದು ಸಲ, ಎರಡು ಸಲ, ಬಣ್ಣದ ಪದರ ಬಿರಿದು ಉದುರಿತು, ಎರಡೂ ಕದ ತಟಕ್ಕನೆ ಒಳಕ್ಕೆ ತೆರೆದು ಗೋಡೆಗೆ ಬಡಿದವು, ಸರಳುಗಳ ಹಿಂದೆ ಕತ್ತಲು, ಕತ್ತಲಿನಿಂದ ಮಾತುಗಳು ಹೊರಗೆ ಬಂದವು. ಎದುರಿನ ಬಾಗಿಲೂ ಪೂರಾ ತೆಗೀರಿ ಎಂದರು ಡಾಕ್ಟರಮ್ಮ, ಇನ್ನೊಂದು ಕಿಟಕಿದೂ ಮೊಳೆ ಕೀಳಲಾ ಎಂದ ಡ್ರೈವರು, ಮೂರು ರೂಮಿಗೂ ಸೇರಿ ಇನ್ನೂ ಐದು ಕಿಟಕಿ ಇದೆಯಪ್ಪಾ ಎಂದು ಹೊರಗಿನಿಂದಲೇ ಕೂಗಿದಳು ಅಜ್ಜಿ, ಸಾವಿರದ ನೂರು ಎಂದಳು ಟೈಲರಮ್ಮ, ಹರಾಜು ಕೂಗಿದ ಹಾಗೆ, ಒಂಬೈನೂರು, ಏಳುನೂರ ಐವತ್ತು, ಆರುನೂರ ಹತ್ತು, ಇನ್ನೂ ಇಳೀತಿದೆ — ಮತ್ತೆ ಡಾಕ್ಟರಮ್ಮ, ದನಿಯಲ್ಲಿ ನಗು ಕೇಳಿಸುತ್ತಿದೆ, ಹತ್ತು ಹತ್ತು ಮಕ್ಕಳು, ದಿನ ಬಿಟ್ಟು ದಿನ, ಎಲ್ಲಾ ಕಿಟಕಿ ತೆಗೆದಿರಬೇಕು, ಕಿಟಕಿ ಮುಚ್ಚಿದ ದಿನ ಶಾಲೆನೂ ಮುಚ್ಚಿ, ಹದಿನೈದು ದಿನಕ್ಕೆ ಮತ್ತೆ ಬಂದು ನೋಡ್ತೀನಿ, ಕೊಡಿ ಪೆನ್ನು. ನನ್ನ ಮಕ್ಕಳು ಮೊದಲ ವಾರ ಬರಲ್ಲ ಎಂದ ಡ್ರೈವರು. ಬೇಡಪ್ಪಾ, ಮನಸ್ಸಾದಾಗ ಕಳ್ಸು ಎಂದರು ದೊಡ್ಡ ಟೀಚರು, ಮೂಗು ಸುರ್ರೆಂದು ಎಳೆದುಕೊಂಡರು, ಅಳುತ್ತಿದ್ದರೇನೋ.

ಆಗಲೇ ಸರಳುಗಳ ನಡುವಿನಿಂದ ಒಂದು ಕೈ ಹೊರಗೆ ಬಂತು, ಮೊಳಕೈವರೆಗೆ, ಸಣ್ಣದು, ಬೆರಳ ತುದಿಯಲ್ಲಿ ಬೆಂಚಿನ ಧೂಳು. ಬೆರಳು ಮಡಚಿತು, ಬಿಚ್ಚಿತು. ಅಜ್ಜೀ, ಎಂದಿತು ಒಳಗಿನ ದನಿ, ನೋಡು, ನನ್ನ ಕೈ ಹೊರಗಿದೆ, ನಾನು ಶಾಲೇಲಿದೀನಿ. ಎಷ್ಟು ತಿಂಗಳ ಮೇಲೆ ಇಷ್ಟುದ್ದದ ಮಾತು, ಹೂಂ ಕಣೇ ಎಂದಳು ಅಜ್ಜಿ, ಮಗಳಿಗೆ ಫೋನು ಮಾಡಬೇಕು, ಆಣೆ ಹಾಕಿದ್ದಳು, ಬೈಯುತ್ತಾಳೆ, ಬೈಯಲಿ, ಕಿಟಕಿ ತೆಗೆದೆವು ಕಣೇ ಎಂದು ಮೊದಲು ಹೇಳಿ ಆಮೇಲೆ ಬೈಸಿಕೊಳ್ಳಬೇಕು, ನೀನೇ ಒಂದಿನ ಬಂದು ನೋಡು, ನಿನಗೆ ಸರಿ ಅನ್ನಿಸಿದರೇ ಕಳಿಸುತ್ತೇನೆ ಎನ್ನಬೇಕು, ಗೇಟಿನಾಚೆ ನಿಲ್ಲುವ ಬದಲು ಈ ಕಿಟಕಿಯಾಚೆ ನಿಂತು ನೋಡಲಿ — ಬೆರಳು ಮಡಚಿತು, ಬಿಚ್ಚಿತು — ಭಯ ಹೋಗಿಲ್ಲ, ಹೇಗೆ ಹೋಗುತ್ತದೆ, ಡ್ರೈವರಿನ ಅಪ್ಪ ಹೋದದ್ದು ನಿಜ, ಈ ಎದೆಯ ಸೀಟಿ ನಿಜ, ರಾತ್ರಿ ತಾನು ಬೇರೆ ಮಲಗಬೇಕು, ಮಗು ಬಂದ ಕೂಡಲೇ ಕೈಕಾಲು ತೊಳೆಸಬೇಕು, ಇನ್ನೈದು ಕಿಟಕಿ, ಇಪ್ಪತ್ತು ಮೊಳೆ, ಸೋಮವಾರ ಗಂಟೆ ಹೊಡೆದರೆ ತೋಳು ಸೋಲುತ್ತದೇನೋ, ಇಷ್ಟು ದಿನ ಹೊಡೆದಿಲ್ಲ, ಬೆರಳು ಮಡಚಿತು, ತಾನು ಏನೋ ಯೋಚಿಸುತ್ತಿದ್ದಳು, ಏನದು, ಗಂಟೆ, ಹೌದು ಗಂಟೆ, ಬಿಚ್ಚಿತು, ಗಾಳಿಯನ್ನು ಹಿಡಿಯುತ್ತಿದ್ದಾಳೋ ಬಿಡುತ್ತಿದ್ದಾಳೋ, ಬಿಸಿಲಿನಲ್ಲಿ ಬೆರಳ ಅಂಚು ಕೆಂಪಗೆ, ಆ ಕೈ, ಹೊರಗೆ, ಐದೂ ಬೆರಳು ಬಿಚ್ಚಿಕೊಂಡು