ಎರಡೂ ಕೈಗಳ ಒಂದು ಗಂಟೆ

“ಎರಡು ಅಂತ ಎಣಿಸೋಕೂ ಬರಲ್ಲವಲ್ಲೋ ನಿಂಗೆ! ಏಳನೇ ಕ್ಲಾಸಿಗೇ ಚೀಲ ಎಸೆದು ಬಂದೋನಿಗೆ ಇನ್ನೇನು ಬರುತ್ತೆ? ಮೆಷಿನ್‌ಗೆ ಎರಡು ಬಟನ್ ಇದ್ರೆ ಒಂದನ್ನ ಕಟ್ಟಿಹಾಕೋದು, ಇನ್ನೊಂದನ್ನ ಒತ್ತೋದು. ನೀನು ಕೆಟ್ಟಿದ್ದು ಸಾಲದೂಂತ ಭಾವನಿಗೂ ಕಲಿಸಿ ಅವನ ಬೆರಳು ತಿಂದೆ.”

ಮ್ಯಾನೇಜರ್ ಇದನ್ನು ತನ್ನ ಕೋಣೆಯಲ್ಲಿ ಕೂತು ಹೇಳಲಿಲ್ಲ. ತಗಡು ಕತ್ತರಿಸುವ ಪ್ರೆಸ್‌ಗಳ ಸಾಲಿನ ನಡುವೆ, ಶಿಫ್ಟ್ ಬದಲಾಗುವ ಹೊತ್ತಿಗೆ, ನಲವತ್ತು ಜನರ ಮುಂದೆ ಹೇಳಿದ. ಭಾವ ನನ್ನ ಪಕ್ಕದಲ್ಲೇ ನಿಂತಿದ್ದ. ಬಲಗೈಗೆ ಬ್ಯಾಂಡೇಜು, ಅದರೊಳಗೆ ಉಳಿದದ್ದು ಹೆಬ್ಬೆರಳು, ಕಿರುಬೆರಳು. ಎಡಗೈಯಲ್ಲಿ ಅಪಘಾತದ ಫಾರಂ. ಮ್ಯಾನೇಜರ್ ಸಹಿ ಇಲ್ಲದೆ ಪರಿಹಾರ ಸಿಗುವುದಿಲ್ಲ. ಆ ಒಂದು ಸಹಿಗಾಗಿ ಮೂರು ವಾರದಿಂದ ಚಪ್ಪಲಿ ಸವೆಸುತ್ತಿದ್ದ. ಬಟನ್ ಕಟ್ಟಿದ್ದು ನಿಮ್ಮದೇ ತಪ್ಪು ಅನ್ನುವುದು ಕಂಪನಿಯ ಮಾತು.

ಕಲಿಸಿದ್ದು ನಾನೇ, ಅದು ಸುಳ್ಳಲ್ಲ. ಎರಡು ಬಟನ್‌ಗಳನ್ನು ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ಸಿನ ಅಚ್ಚು ಕೆಳಗೆ ಬೀಳುತ್ತದೆ. ಆಗ ಕೈ ಒಳಗಿರಲು ಸಾಧ್ಯವೇ ಇಲ್ಲ. ಬಲಬಟನ್ನನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದುಬಿಟ್ಟರೆ ಬಲಗೈಗೆ ಬಿಡುವು. ಎಡಗೈ ಒತ್ತುತ್ತಿರುತ್ತದೆ, ಬಲಗೈ ತಗಡು ಇಡುತ್ತಾ ತೆಗೆಯುತ್ತಾ ಇರುತ್ತದೆ. ಹಾಗೆ ಮಾಡದೆ ಗಂಟೆಗೆ ನೂರ ಎಂಬತ್ತು ಚಿಲಕದ ಪಟ್ಟಿ ಇಳಿಸಲು ಯಾವನಿಂದಲೂ ಆಗದು. ಇಳಿಸದಿದ್ದರೆ ಅರ್ಧ ಕೂಲಿ. ಟ್ಯೂಬನ್ನು ಸೂಪರ್‌ವೈಸರೇ ಕತ್ತರಿಸಿ ಕೊಡುತ್ತಿದ್ದ. ಈಗ ಕೇಳಿದರೆ ಟ್ಯೂಬೆಂದರೇನು ಎಂಬಂತೆ ಮುಖ ಮಾಡುತ್ತಾನೆ.

“ಎರಡೂ ಕೈಲಿ ಒತ್ತಿದ್ರೆ ನೂರ ಎಂಬತ್ತು ಆಗಲ್ಲ ಸಾರ್,” ಎಂದೆ.

“ಆಗುತ್ತೆ. ನಿಮಗೆ ಮೈ ಬಗ್ಗಲ್ಲ, ಅಷ್ಟೆ.”

“ಹಾಗಾದ್ರೆ ನೋಡೇಬಿಡೋಣ. ಟ್ಯೂಬ್ ಬಿಚ್ಚಿ ಒಂದು ಗಂಟೆ ಓಡಿಸ್ತೀನಿ, ನಿಮ್ಮ ಕಣ್ಣೆದುರಿಗೇ. ಆಗದಿದ್ರೆ ಭಾವನ ಫಾರಂಗೆ ಸಹಿ ಹಾಕಿ.”

“ಆದ್ರೆ?”

“ಬಾಯಿ ಮುಚ್ಕೊಂಡು ಹೋಗ್ತೀವಿ.”

ಹೇಳಿದ ಮೇಲೆ ಭಾವನ ಮುಖ ನೋಡಿದೆ. ಅವನನ್ನು ಒಂದು ಮಾತೂ ಕೇಳಿರಲಿಲ್ಲ.

ಫಿಟ್ಟರ್ ಮೀಸೆಯಣ್ಣ ಟ್ಯೂಬ್ ಬಿಚ್ಚುವ ನೆಪದಲ್ಲಿ ನನ್ನ ಕಿವಿಯ ಹತ್ತಿರ ಬಗ್ಗಿದ. “ಲೇ ಗಿರಗಿಟ್ಲೆ, ಈ ಸಾಲಲ್ಲಿ ನಿನ್ನಷ್ಟು ಜೋರು ಇನ್ನೊಬ್ಬ ಇಲ್ಲ. ರೋಷದಲ್ಲಿ ನೂರ ಎಂಬತ್ತು ಮುಟ್ಟಿಬಿಟ್ಟೀಯ! ನಿಮ್ಮಕ್ಕನ ಒಲೆ ಆರಿಹೋಗುತ್ತೆ. ಮೆಲ್ಲಗೆ ಓಡಿಸೋ.”

“ಮೆಲ್ಲಗೆ ಮಾಡಿದ್ರೆ ಗೊತ್ತಾಗುತ್ತಣ್ಣ. ಈ ಮ್ಯಾನೇಜರೂ ಒಂದು ಕಾಲದಲ್ಲಿ ಪ್ರೆಸ್ ಓಡಿಸಿದೋನೇ.”

ತಗಡು ಇಡು, ಎರಡೂ ಕೈ ಆಚೆ, ಒತ್ತು, ಎರಡೂ ಕೈ ಒಳಗೆ, ಪಟ್ಟಿ ತೆಗೆ. ಮೊದಲ ಕಾಲು ಗಂಟೆಗೆ ನಲವತ್ತೊಂದು. ಸೂಪರ್‌ವೈಸರ್ ಗಟ್ಟಿಯಾಗಿ ಎಣಿಕೆ ಕೂಗಿದ. “ಏನೋ, ತೂಕಡಿಕೆನಾ?” ಎಂದ ಮ್ಯಾನೇಜರ್. ಮೈ ಉರಿದುಹೋಯಿತು. ಎರಡನೇ ಕಾಲು ಗಂಟೆಗೆ ನಲವತ್ತಾರು. ಹಿಂದೆ ಯಾರೋ “ಅಯ್ಯೋ, ಹಾಳಾದೋನೆ, ಸಾಕು” ಅಂದದ್ದು ಕೇಳಿಸಿತು. ಭಾವ ಗೋಡೆಯ ಕಡೆಗೆ ತಿರುಗಿಬಿಟ್ಟ. ನನ್ನ ರಟ್ಟೆಗಳಿಗೆ ಬೆಂಕಿ ಬಿದ್ದಿತ್ತು, ಆದರೂ ಆ ಕೈಗಳು ನನ್ನ ಮಾತು ಕೇಳುತ್ತಿರಲಿಲ್ಲ, ಅವಕ್ಕೆ ಗೆಲ್ಲಬೇಕಿತ್ತು. ಮುಕ್ಕಾಲು ಗಂಟೆಗೆ ನೂರ ಮೂವತ್ತು.

ಇನ್ನು ನಾಲ್ಕೇ ನಿಮಿಷ ಇದ್ದಾಗ ಎಡಗೈ ಬಟನ್ ಒತ್ತಿತು. ಅಚ್ಚು ಬೀಳಲಿಲ್ಲ. ಯಾಕೆ ಎಂದು ನೋಡಿದರೆ ಬಲಗೈ ಇನ್ನೂ ಒಳಗೇ ಇತ್ತು, ತಗಡಿನ ಮೇಲೆ. ಐದೂ ಬೆರಳು. ಅವಸರದಲ್ಲಿ ಹಳೆಯ ರೂಢಿ ಬಂದುಬಿಟ್ಟಿತ್ತು. ಟ್ಯೂಬ್ ಕಟ್ಟಿದ್ದಿದ್ದರೆ?

ನಾನು ಕೈ ಎಳೆದುಕೊಂಡು ಅದನ್ನೇ ನೋಡಿದೆ, ಎಷ್ಟು ಹೊತ್ತೋ. “ಟೈಮ್ ಓಡ್ತಾ ಇದೆ!” ಎಂದು ಸೂಪರ್‌ವೈಸರ್ ಕೂಗಿದ ಮೇಲೆಯೇ ಮತ್ತೆ ಶುರುಮಾಡಿದ್ದು. ಆಮೇಲೆ ಪ್ರತಿ ಸಲವೂ ಬಲಗೈ ಹೊರಬಂತೇ ಎಂದು ನೋಡಿಯೇ ಒತ್ತಿದೆ.

ಗಂಟೆ ಮುಗಿದಾಗ ನೂರ ಅರವತ್ತೆಂಟು.

ಹೊರಟುಹೋಗಬೇಕಿದ್ದ ಶಿಫ್ಟಿನವರೂ ಕದಲದೆ ನಿಂತಿದ್ದರು. ಮ್ಯಾನೇಜರ್ ಒಮ್ಮೆ ಅವರನ್ನೆಲ್ಲ ನೋಡಿ, ಜೇಬಿನಿಂದ ಪೆನ್ನು ತೆಗೆದು, ನನ್ನ ಪ್ರೆಸ್ಸಿನ ಮೇಜಿನ ಮೇಲೆಯೇ ಫಾರಂ ಹರವಿ ಸಹಿ ಗೀಚಿದ. ಆದರೆ ಕಾಗದದ ಮೇಲಿಂದ ಕೈ ಎತ್ತಲಿಲ್ಲ.

“ನಡುವೆ ಕೈ ನೋಡ್ಕೊಂಡು ನಿಂತೆಯಲ್ಲ. ಬೇಕಂತಲೇ ತಾನೇ? ಇಲ್ಲಾ ಹೆದರಿಕೆ ಆಯ್ತಾ? ಕಳ್ಳನೋ ಹೇಡಿಯೋ, ಎಲ್ಲರ ಮುಂದೆ ಹೇಳಿ ಹೋಗು.”

ನಾಲಿಗೆಯ ತುದಿಗೆ ಬಂದದ್ದನ್ನು ಆಡಿದ್ದರೆ ಆ ಕಾಗದ ಅಲ್ಲೇ ಎರಡು ತುಂಡಾಗುತ್ತಿತ್ತು. ಭಾವ ಎಡಗೈ ಚಾಚಿ ಮ್ಯಾನೇಜರನ ಅಂಗೈ ಕೆಳಗಿಂದ ಫಾರಂ ಮೆಲ್ಲಗೆ ಎಳೆದುಕೊಂಡ. ಭಾವ ಅದನ್ನು ಮಡಿಚಿ ಜೇಬಿಗೆ ಹಾಕಿಕೊಳ್ಳುವವರೆಗೂ ನಾನು ಅಲ್ಲಾಡಲಿಲ್ಲ.

“ಹೇಳೋ! ಬಾಯಿಲ್ವಾ?”

ನಾನು ಮ್ಯಾನೇಜರನಿಗೆ ಬೆನ್ನು ತಿರುಗಿಸಿ, ಪ್ರೆಸ್‌ಗಳ ನಡುವಿನಿಂದ ಬಾಗಿಲ ಕಡೆಗೆ ನಡೆದೆ.