ಬಲ್ಬು ಬಿಚ್ಚಿದ ಕೋಣೆ

ಎರಡೂವರೆ ವರ್ಷದ ಮಗು ಹಟಕ್ಕೆ ಬಿದ್ದರೆ ದೊಡ್ಡವರ ಬುದ್ಧಿಯೆಲ್ಲ ಮೂಲೆ ಸೇರಬೇಕು. ಚಿಣ್ಣಿಯ ಹಟ ದೀಪದ್ದು. ಮನೆಯವರು ಮಲಗಿ ಇನ್ನೇನು ಕಣ್ಣು ಹತ್ತಬೇಕು ಅನ್ನುವಷ್ಟರಲ್ಲಿ ಇವಳು ಹಾಸಿಗೆಯಿಂದ ಇಳಿದು, ಸ್ಟೂಲು ಎಳೆದುಕೊಂಡು ಹೋಗಿ, ಟಪ್ಪೆಂದು ಸ್ವಿಚ್ಚು ಒತ್ತುವಳು. ಸ್ಟೂಲು ಹೊರಗಿಟ್ಟರೆ ದಿಂಬು ಪೇರಿಸುವಳು. ದಿಂಬು ಅಡಗಿಸಿದರೆ ಬಕೆಟ್ಟು ಬೋರಲು ಹಾಕುವಳು. ಸ್ವಿಚ್ಚಿನ ಮೇಲೆ ಟೇಪು ಅಂಟಿಸಿದ್ದೂ ಆಯಿತು, ಉಗುರಲ್ಲಿ ಕೆರೆದು ಕೆರೆದು ಕಿತ್ತುಹಾಕಿದಳು. ಗದರಿದರೆ ತುಟಿ ಮುಂದೆ ಮಾಡುವಳು, ಮುದ್ದು ಮಾಡಿದರೆ ಮುಖ ತಿರುಗಿಸುವಳು. ಯಾವುದಕ್ಕೂ ಜಗ್ಗುವ ಪೈಕಿಯಲ್ಲ.

ಬೇರೆ ಮನೆಯಲ್ಲಾಗಿದ್ದರೆ ಹೇಳಿಕೊಂಡು ನಗುವ ವಿಷಯ ಇದು. ಈ ಮನೆಯಲ್ಲಿ ನಗುವ ತ್ರಾಣ ಯಾರಿಗೂ ಉಳಿದಿರಲಿಲ್ಲ. ಚಿಣ್ಣಿಯ ಅಮ್ಮ ಜ್ವರವೆಂದು ಮಲಗಿದವಳು ಒಂದು ರಾತ್ರಿ ಉಸಿರಿಗೆ ಒದ್ದಾಡಿ, ಮಗು ನಿದ್ದೆಯಲ್ಲಿರುವಾಗಲೇ ಆಸ್ಪತ್ರೆಗೆ ಹೋದಳು. ಹೋದವಳು ತಿರುಗಿ ಬರಲಿಲ್ಲ. ಅವಳ ಅಕ್ಕ, ಚಿಣ್ಣಿಗೆ ದೊಡ್ಡಮ್ಮ, ತನ್ನ ಹೊಲಿಗೆ ಮಿಷನ್ನನ್ನು ಆಟೋದಲ್ಲಿ ಹೇರಿಕೊಂಡು ಬಂದು ಈ ಮನೆ ಸೇರಿದಳು. ಮದುವೆಯಾಗದೆ ಉಳಿದ ಹೆಂಗಸು, ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ತಂಗಿಯದು ಅಂತ ಅವಳಿಗೆ ಉಳಿದಿದ್ದು ಈ ಮಗು ಒಂದೇ.

ದೀಪ ಹತ್ತಿದ ಮೇಲೆ ಮಗು ಏನು ಮಾಡುತ್ತದೆ ಎಂದು ಗಮನಿಸಿದ್ದು ದೊಡ್ಡಮ್ಮ ಮಾತ್ರ. ಮೊದಲು ಮಂಚ ನೋಡುವಳು, ಆಮೇಲೆ ಬಾಗಿಲು. ಪಕ್ಕದಲ್ಲಿ ಮಲಗಿರುವುದು ಅಮ್ಮನಲ್ಲ, ದೊಡ್ಡಮ್ಮ ಎಂದು ಖಾತ್ರಿಯಾದ ಕೂಡಲೇ ರಾಗ ತೆಗೆಯುವಳು. ಆ ರಾಗಕ್ಕೆ ಗೋಡೆಯಾಚೆ ಮಲಗಿದ ಅಪ್ಪನೂ ಏಳಬೇಕು. ಅಪ್ಪ ಬಸ್ಸಿನ ಡ್ರೈವರು, ಬೆಳಗಿನ ಮೊದಲ ಬಸ್ಸು ಅವನದು. ನಿದ್ದೆಗೆಟ್ಟ ಕಣ್ಣಲ್ಲಿ ಒಂದು ದಿನ ಡಿಪೋ ಗೇಟಿನ ಕಂಬಕ್ಕೆ ಬಸ್ಸು ತಾಗಿಸಿದ. ಒಳಗೆ ಜನ ಇರಲಿಲ್ಲ, ಬಚಾವಾದ. ಇನ್ನೊಂದು ಸಲ ಹೀಗಾದರೆ ಸ್ಟೇರಿಂಗು ಮುಟ್ಟಿಸುವುದಿಲ್ಲ ಎಂದು ಮೇಲಿನವರು ಕರೆದು ಹೇಳಿದರು.

ಅವತ್ತು ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, “ಇವಳನ್ನ ನಮ್ಮಮ್ಮನ ಹತ್ರ ಬಿಟ್ಟು ಬರ್ತೀನಿ ಅಕ್ಕ,” ಎಂದ. “ಹೀಗೇ ಆದ್ರೆ ನಾನು ಯಾರ್ದಾದ್ರೂ ಪ್ರಾಣ ತೆಗೀತೀನಿ.”

ದೊಡ್ಡಮ್ಮ ಮಿಷನ್ನು ನಿಲ್ಲಿಸಿ ಎದ್ದಳು. ಅವನಮ್ಮ ಇರುವುದು ದೂರದ ಊರಲ್ಲಿ. ಮಗು ಅಲ್ಲಿಗೆ ಹೋದರೆ ಈ ಮನೆಯಲ್ಲಿ ಇವಳಿಗೇನು ಕೆಲಸ? ಯಾವಾಗಲೋ ಒಮ್ಮೆ ಹೋಗಿ ನೆಂಟಳ ಹಾಗೆ ನೋಡಿ ಬರಬೇಕು. ಸ್ವಲ್ಪ ದಿನ ತಡೆಯಿರಿ, ದೀಪದ ಹುಚ್ಚು ಬಿಡಿಸಿಯೇ ಬಿಡಿಸುತ್ತೇನೆ ಎಂದು ಅಂಗಲಾಚಿದಳು. ಅವನೂ ಕಲ್ಲೆದೆಯವನಲ್ಲ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಕುರ್ಚಿ ಹತ್ತಿ ಮಲಗುವ ಕೋಣೆಯ ಬಲ್ಬನ್ನೇ ಬಿಚ್ಚಿ ಅಡುಗೆಮನೆಯ ಮೇಲಿನ ಹಲಗೆಗೆ ಎತ್ತಿಟ್ಟ. ಎಷ್ಟು ಬೇಕಾದರೂ ಒತ್ತಲಿ ಈಗ, ಎಂದ. ಇಷ್ಟು ಸುಲಭದ ಉಪಾಯ ಮೊದಲೇ ಹೊಳೆಯಲಿಲ್ಲವಲ್ಲ ಎಂದು ಇಬ್ಬರೂ ಪೆಚ್ಚಾದರು.

ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಪಕ್ಕದ ಕಟ್ಟಡದ ಗೋಡೆಗೆ ಮುಖ ಮಾಡಿತ್ತು. ರಾತ್ರಿ ಕಣ್ಣ ಮುಂದೆ ಕೈ ಹಿಡಿದರೂ ಕಾಣದ ಕತ್ತಲು. ಚಿಣ್ಣಿ ಎದ್ದಳು, ಸ್ಟೂಲು ಎಳೆದಳು, ಟಪ್ ಟಪ್ ಎಂದು ಒತ್ತಿದಳು, ಬೆಳಕಿಲ್ಲ. ತಡವರಿಸಿಕೊಂಡು ಹಾಸಿಗೆಗೆ ಬಂದು ಕೈ ಚಾಚಿದಳು. ಆ ಕೈಗೆ ದೊಡ್ಡಮ್ಮನ ನೈಟಿಯ ಜೇಬು ಸಿಕ್ಕಿತು.

ಜೇಬಿನ ಸಂಗತಿ ಹೇಳಲೇಬೇಕು. ದೊಡ್ಡಮ್ಮನಿಗೆ ಕತ್ತರಿ, ಸೀಮೆಸುಣ್ಣ, ಅಳತೆ ಟೇಪು ಕೈಗೆಟುಕುವಂತೆ ಇರಬೇಕು, ಹಾಗಾಗಿ ತನ್ನ ಬಟ್ಟೆಗೆಲ್ಲ ಬಲಗಡೆ ಒಂದು ಆಳವಾದ ಜೇಬು ಇಟ್ಟೇ ಹೊಲಿಯುವಳು. ಹೋದ ವರ್ಷ ಒಂದೇ ಬಟ್ಟೆ ಕತ್ತರಿಸಿ ತನಗೊಂದು, ತಂಗಿಗೊಂದು ನೈಟಿ ಹೊಲಿದಾಗ ಕೈ ತನ್ನ ಪಾಡಿಗೆ ಎರಡಕ್ಕೂ ಜೇಬು ಹಚ್ಚಿತ್ತು. ನನಗ್ಯಾಕೆ ಈ ಚೀಲ ಎಂದು ತಂಗಿ ರೇಗಿಸಿದ್ದಳು. ಆಮೇಲೆ ಚಿಣ್ಣಿ ಅಮ್ಮನ ಆ ಜೇಬಿನೊಳಗೆ ಕೈ ತೂರಿಸಿಕೊಂಡೇ ಮಲಗುವುದನ್ನು ಕಲಿತಳು.

ಈಗಲೂ ಕೈ ಒಳಗೆ ಹೋಯಿತು. ಮಗು ಉಸಿರು ಬಿಗಿಹಿಡಿದು, “ಅಮ್ಮಾ?” ಎಂದಿತು.

ಅಕ್ಕತಂಗಿಯರ ದನಿ ಒಂದೇ. ಫೋನಿನಲ್ಲಿ ಹೆಂಡತಿ ಎಂದುಕೊಂಡು ಡ್ರೈವರು ಇವಳ ಹತ್ತಿರ ಅರ್ಧ ಸಂಸಾರವನ್ನೇ ಮಾತಾಡಿ ನಾಲಿಗೆ ಕಚ್ಚಿಕೊಂಡದ್ದುಂಟು. ದೊಡ್ಡಮ್ಮನಿಗೆ ಅಲ್ಲ ಅನ್ನಲು ಬಾಯಿ ಬರಲಿಲ್ಲ. ಅಲ್ಲ ಅಂದರೆ ಅಳು, ಅತ್ತರೆ ಅಪ್ಪ ಏಳುವನು, ಎದ್ದರೆ ಮಗು ಕೈತಪ್ಪುವುದು.

“ಹೂಂ,” ಎಂದಳು.

ಚಿಣ್ಣಿ ಅವಳ ಕತ್ತಿಗೆ ಮುಖ ಒತ್ತಿ, ಮಾತಿಲ್ಲದೆ, ಅಳುವಿಲ್ಲದೆ ನಿದ್ದೆಹೋದಳು. ದೊಡ್ಡಮ್ಮ ಮಾತ್ರ ಬೆಳಗಿನವರೆಗೂ ಎಚ್ಚರವಿದ್ದಳು.

ಅಲ್ಲಿಂದ ಮನೆ ತಣ್ಣಗಾಯಿತು. ಡ್ರೈವರನ ಮುಖದಲ್ಲಿ ಗೆಲುವು ಬಂತು, ಮಗುವನ್ನು ಕಳಿಸುವ ಮಾತು ನಿಂತಿತು. ಆದರೆ ಹಗಲಲ್ಲಿ ಚಿಣ್ಣಿ ದೊಡ್ಡಮ್ಮನನ್ನು ಹತ್ತಿರ ಬಿಟ್ಟುಕೊಳ್ಳುವುದು ಇನ್ನೂ ಕಡಿಮೆಯಾಯಿತು. ತಿನ್ನುವ ಬಿಸ್ಕತ್ತಿನಲ್ಲಿ ಅರ್ಧ ಮುರಿದು ಮುಷ್ಟಿಯಲ್ಲಿ ಬಚ್ಚಿಡುವಳು, ಯಾರಿಗೆ ಎಂದರೆ ಅಮ್ಮಂಗೆ ಅನ್ನುವಳು. ಬೆಳಿಗ್ಗೆ ಎದ್ದಾಗ ಆ ತುಂಡು ದೊಡ್ಡಮ್ಮನ ಜೇಬಿನಲ್ಲಿರುತ್ತಿತ್ತು. ಎಸೆಯಲಾರದೆ, ಮಿಷನ್ನಿನ ಮುಂದೆ ಕೂತು, ಕಣ್ಣೀರು ಸುರಿಸಿಕೊಂಡು ಅದನ್ನು ತಾನೇ ತಿನ್ನುವಳು. ತಂಗಿಯ ಪಾಲು ಕದ್ದು ತಿಂದಂತೆ ಅನ್ನಿಸುತ್ತಿತ್ತು. ಇನ್ನು ಒಂದೆರಡು ದಿನ, ಆಮೇಲೆ ಮರೆಯುತ್ತಾಳೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುವಳು.

ಮಗು ಮರೆಯಲಿಲ್ಲ. ಒಂದು ಮಧ್ಯಾಹ್ನ ದೊಡ್ಡಮ್ಮ ಕುಪ್ಪಸದ ತೋಳು ಕೂರಿಸುವುದರಲ್ಲಿ ಮುಳುಗಿದ್ದಾಗ ಚಿಣ್ಣಿ ಕಾಣೆಯಾದಳು. ಮೆಟ್ಟಿಲು, ಬೀದಿ, ಎದುರಿನ ಅಂಗಡಿ ಎಲ್ಲ ಹುಡುಕಿ, ಒಳಗೆ ಬಂದಾಗ ಬಟ್ಟೆಯ ಕಪಾಟಿನಿಂದ ಸಣ್ಣ ದನಿ ಕೇಳಿಸಿತು. ಬಾಗಿಲು ತೆರೆದರೆ ಮಡಿಸಿದ ಬಟ್ಟೆಗಳ ನಡುವೆ ಮಗು ಮುದುಡಿ ಕೂತಿದೆ, ಮೈಯೆಲ್ಲ ಬೆವರು, ತುಟಿ ಒಣಗಿದೆ.

“ಬಾಗ್ಲು ಹಾಕು,” ಎಂದು ಚಿಣ್ಣಿ ಅವಳನ್ನು ದೂಡಿದಳು. “ಕತ್ಲಾದ್ರೆ ಅಮ್ಮ ಬರ್ತಾಳೆ. ನೀನು ಹೋಗು.”

ಇನ್ನು ಸ್ವಲ್ಪ ತಡವಾಗಿದ್ದರೆ ಉಸಿರು ಕಟ್ಟಿ ಸಾಯುತ್ತಿತ್ತು ಮಗು. ಅಮ್ಮನಿಗೆ ಬಂದ ಗತಿ ಮಗಳಿಗೂ ಬರುತ್ತಿತ್ತು, ಅದೂ ತನ್ನ ಕೈಯಿಂದ. ದೊಡ್ಡಮ್ಮ ನೆಲದ ಮೇಲೆ ಕೂತು, ಒದೆಯುತ್ತಿದ್ದ ಮಗುವನ್ನು ಅವಚಿಕೊಂಡು ನೀರು ಕುಡಿಸಿದಳು.

ಡ್ರೈವರು ಬಂದ ಮೇಲೆ ಅವಳು ಏನನ್ನೂ ಮುಚ್ಚಿಡಲಿಲ್ಲ. ಜೇಬು, ಹೂಂ, ಬಿಸ್ಕತ್ತು, ಕಪಾಟು ಎಲ್ಲ ಹೇಳಿ, ಇವತ್ತು ದೀಪ ಹಾಕಿ ನನ್ನ ಮುಖ ತೋರಿಸುತ್ತೇನೆ, ಅವಳು ಅತ್ತರೆ ಅಳಲಿ, ನೀವು ಊರಿಗೆ ಕಳಿಸಿದರೂ ನಾನು ತುಟಿ ಬಿಚ್ಚುವುದಿಲ್ಲ ಎಂದಳು. ಬೈಗುಳ ಬರುತ್ತದೆ ಎಂದು ತಲೆ ತಗ್ಗಿಸಿ ನಿಂತಳು.

ಅವನು ಬೈಯಲಿಲ್ಲ. “ನಂಗೆ ಗೊತ್ತಿತ್ತು ಅಕ್ಕ,” ಎಂದ. “ಗೋಡೆ ಆಚೆಯಿಂದ ಆ ಹೂಂ ಕೇಳಿಸ್ತಿತ್ತು. ಅದು ಕೇಳಿದ್ಮೇಲೇ ನಂಗೂ ನಿದ್ದೆ ಬರ್ತಿದ್ದಿದ್ದು.”

ಅಷ್ಟು ಹೇಳಿ, ಹಲಗೆಯಿಂದ ಬಲ್ಬು ಇಳಿಸಿ, ಅಂಗಿಯಲ್ಲಿ ಧೂಳು ಒರೆಸಿ ಅವನೇ ಹಾಕಿದ.

ಆ ರಾತ್ರಿ ದೊಡ್ಡಮ್ಮ ಮಂಚವನ್ನು ಸ್ವಿಚ್ಚಿನ ಗೋಡೆಗೆ ಸರಿಸಿಕೊಂಡು ಮಲಗಿ, ಚಿಣ್ಣಿಯ ಕೈ ಜೇಬಿನೊಳಗೆ ಇರುವಾಗಲೇ ತೋಳು ಚಾಚಿ ಸ್ವಿಚ್ಚು ಒತ್ತಿದಳು. ಮಗು ಕಣ್ಣು ಕಿರಿದು ಮಾಡಿ ಅವಳ ಮುಖ ನೋಡಿತು. ಜೇಬು ನೋಡಿತು. ಕೈ ಎಳೆದುಕೊಂಡು, ಹೊದಿಕೆ ಸರಿಸಿ, ಮಂಚದ ಆ ಬದಿಗೂ ಹೋಗಿ ಬಗ್ಗಿ ನೋಡಿತು.

“ಅಮ್ಮ ಇಲ್ಲ ಕಂದ,” ಎಂದಳು ದೊಡ್ಡಮ್ಮ. “ಅಮ್ಮ ಸತ್ತುಹೋದ್ಲು. ಬರಲ್ಲ. ದಿನಾ ಹೂಂ ಅಂದಿದ್ದು ನಾನು.”

“ಲೈಟ್ ಆರ್ಸು.”

ಆರಿಸಿದಳು. ಕತ್ತಲಲ್ಲಿ ಆ ಪುಟ್ಟ ಕೈ ಮತ್ತೆ ಬಂದು ಜೇಬು ಹುಡುಕಿತು. “ಅಮ್ಮಾ,” ಎಂದಿತು. ದೊಡ್ಡಮ್ಮ ತುಟಿ ಕಚ್ಚಿ ಹಿಡಿದಳು. ಇನ್ನೊಂದು ಸಲ ಕರೆಯಿತು. ಗೋಡೆಯಾಚೆಯೂ ಸದ್ದಿಲ್ಲ. ಆಮೇಲೆ ಮಗು ಅತ್ತಿತು. ದಿನವೂ ತೆಗೆಯುವ ರಾಗವಲ್ಲ, ದೊಡ್ಡವರು ಅಳುವಂತೆ, ದನಿಯೇ ಇಲ್ಲದ ಅಳು. ಅಳುತ್ತಳುತ್ತಲೇ “ದೊಡ್ಡಮ್ಮ” ಎಂದು ಅವಳ ಮಡಿಲಿಗೆ ಹತ್ತಿತು.

ಡ್ರೈವರು ಬಂದು ಮಂಚದ ಪಕ್ಕ ನೆಲದ ಮೇಲೆ ಕೂತ. ಬೆಳಗಿನದು ಬಿಟ್ಟು ಮಧ್ಯಾಹ್ನದ ಬಸ್ಸು ಕೊಡಿ ಎಂದು ಡಿಪೋದಲ್ಲಿ ಕೇಳುತ್ತೇನೆ, ಮಗು ಎಲ್ಲಿಗೂ ಹೋಗುವುದು ಬೇಡ ಎಂದ. ಇಷ್ಟು ದಿನ ಆ ಒಂದು ಮಾತಿಗಾಗಿ ಕಾದಿದ್ದ ದೊಡ್ಡಮ್ಮನಿಗೆ ಕೇಳಿದಾಗ ಸಂತೋಷವೇ ಆಗಲಿಲ್ಲ. ತಂಗಿ ಸತ್ತದ್ದು ಈಗಷ್ಟೇ ಎಂಬಂತೆ ಮಗುವಿನ ತಲೆಗೆ ಮುಖ ಒತ್ತಿ ಅತ್ತಳು.

ಬಿಕ್ಕಳಿಕೆ ನಿಂತ ಮೇಲೆ ಚಿಣ್ಣಿ ಅಪ್ಪನ ತಲೆಗೂದಲು ಹಿಡಿದು ಕೇಳಿದಳು: “ಅಮ್ಮಂಗೆ ನಮ್ಮನೆ ದಾರಿ ಗೊತ್ತಿಲ್ವಾ ಅಪ್ಪ?”

ಊರವರನ್ನೆಲ್ಲ ಅವರವರ ಮನೆ ಮುಟ್ಟಿಸುವ ಅಪ್ಪ ಮಗಳ ಕಾಲು ಹಿಡಿದುಕೊಂಡು ಕತ್ತಲಲ್ಲಿ ಕೂತೇ ಇದ್ದ.